ಐಬು ಇಲ್ಲ

ಕಾಲು ನೋಡಿ ಆಟಗಾರನ ಹಣೆಬರಹ ಹೇಳುವುದರಲ್ಲಿ ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ, ನಾಲ್ಕೂ ಕಡೆ ನನ್ನ ಸರಿಸಮ ಯಾರೂ ಇರಲಿಲ್ಲ. ಜಂಬ ಅನ್ನುವವರು ಅನ್ನಲಿ, ನನಗೇನು! ಒಂಬತ್ತು ವರ್ಷ ಪಲ್ಟನ್ನಿನಲ್ಲಿ ಫುಟ್‌ಬಾಲ್ ಆಡಿ, ಮೊಣಕಾಲ ಚಿಪ್ಪು ಒಡೆದುಕೊಂಡು, ಕೊಪ್ಪಳದ ಶಾಲೆಗೆ ಡ್ರಿಲ್ ಮಾಸ್ತರನಾಗಿ ಬಂದವನು ನಾನು, ಆದೆಪ್ಪ. ಹುಡುಗನೊಬ್ಬ ಕೊಡ ಹೊತ್ತು ನಡೆಯುವುದನ್ನು ನೋಡಿದರೆ ಸಾಕು, ಇವನು ಚೆಂಡಿಗೆ ಆಗುತ್ತಾನೆ, ಇವನು ಬರೀ ರೊಟ್ಟಿ ತಿನ್ನೋದಕ್ಕೆ ಆಗುತ್ತಾನೆ ಎಂದು ಹೇಳಿಬಿಡುತ್ತಿದ್ದೆ. ನನ್ನ ಕಣ್ಣು ಒಮ್ಮೆಯೂ ಮೋಸ ಹೋಗಿರಲಿಲ್ಲ. ದ್ಯಾವಪ್ಪನ ವಿಷಯದಲ್ಲೂ ಹೋಗಲಿಲ್ಲ. ಮೋಸ ಮಾಡಿದ್ದು ನನ್ನ ಬಾಯಿ.

ದ್ಯಾವಪ್ಪ ಹಿಟ್ನಾಳದವನು. ಅಪ್ಪ ತೀರಿಕೊಂಡಿದ್ದ, ತಾಯಿ ಪಕ್ಕೀರವ್ವ ರಸ್ತೆಗೆ ಜಲ್ಲಿ ಒಡೆಯುತ್ತಿದ್ದಳು. ತಡವಾಗಿ ಶಾಲೆಗೆ ಸೇರಿದ್ದರಿಂದ ಹತ್ತನೇ ಇಯತ್ತೆಗೆ ಬರುವ ಹೊತ್ತಿಗೆ ಅವನಿಗೆ ಹತ್ತೊಂಬತ್ತು ತುಂಬಿತ್ತು. ಶಾಲೆಯ ಹಿಂದಿನ ಕೋಣೆಯಲ್ಲಿ ಲೇಜಿಮು, ಡಂಬೆಲ್ಲುಗಳ ನಡುವೆ ಮಲಗುತ್ತಿದ್ದ. ತಾಯಿ ವಾರಕ್ಕೊಮ್ಮೆ ಕಳಿಸುವ ಕಟಕ ರೊಟ್ಟಿ, ಖಾರದಪುಡಿ, ಅಷ್ಟೇ ಅವನ ಊಟ. ಲಡಾಯಿಯ ಕಾಲ, ಲೆವಿ ಎಂದು ಸರಕಾರ ಜೋಳ ಎತ್ತಿಕೊಂಡು ಹೋಗಿತ್ತು. ಅಂಥ ಊಟದ ಮೇಲೆ ಆ ದೇಹ ಹೇಗೆ ಬೆಳೆಯಿತೋ ದೇವರಿಗೇ ಗೊತ್ತು. ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುತ್ತಿತ್ತು.

ಅವನ ಆಟದ ಬಗೆಯೇ ಬೇರೆ. ದೊಡ್ಡ ದೇಹದವರನ್ನು ಎಲ್ಲರೂ ಹಿಂದೆ ನಿಲ್ಲಿಸುತ್ತಾರೆ, ಬಂದವರನ್ನು ತಡೆಯಲಿ ಎಂದು. ದ್ಯಾವಪ್ಪ ತಡೆಯುತ್ತಿದ್ದ, ಇಬ್ಬರನ್ನು ಒಟ್ಟಿಗೆ ತಡೆಯುತ್ತಿದ್ದ. ಆದರೆ ಮೇಲಿಂದ ಬಂದ ಚೆಂಡನ್ನು ಎದೆಯ ಮೇಲೆ ಮೆತ್ತಗೆ ಇಳಿಸಿಕೊಂಡು ತಾನೇ ಮುಂದೆ ಒಯ್ಯುತ್ತಿದ್ದ. ತಡೆಯುವವನೂ ಅವನೇ, ಒಯ್ಯುವವನೂ ಅವನೇ. ಒಂಬತ್ತು ವರ್ಷದ ಪಲ್ಟನ್ನಿನಲ್ಲಿ ಅಂಥವನನ್ನು ನಾನು ಒಬ್ಬನನ್ನೂ ಕಂಡಿರಲಿಲ್ಲ. ಅದಕ್ಕೇ ನನ್ನ ಹಳೆಯ ಜೊತೆಗಾರ ಜಮಾದಾರ ಉಮರಸಾಬನಿಗೆ ಕಾಗದ ಬರೆದೆ. ಪಲ್ಟನ್ನಿನ ಟೀಮಿಗೆ ಹುಡುಗರನ್ನು ಪರೀಕ್ಷೆ ಮಾಡಿ ಆರಿಸುವುದು ಅವನ ಕೆಲಸ. ಆಯ್ಕೆಯಾದರೆ ಸಿಪಾಯಿ ನೌಕರಿ, ಬಟ್ಟೆ, ಎರಡು ಹೊತ್ತು ಊಟ. ಭಾರತ ಹುಣ್ಣಿಮೆ ಮುಗಿದ ಎರಡನೇ ದಿನಕ್ಕೆ ಬರುತ್ತೇನೆ ಎಂದು ಉತ್ತರ ಬಂತು.

ಕಾಗದ ಬಂದ ವಾರದಲ್ಲೇ ಆ ಹಾಳು ಸಂಗತಿ ನನ್ನ ಕಣ್ಣಿಗೆ ಬಿತ್ತು.

ಅಂದು ಸಂಜೆ ಅಭ್ಯಾಸ ಸ್ವಲ್ಪ ತಡವಾಗಿತ್ತು. ಹೊತ್ತು ಮುಳುಗಿ, ಇನ್ನೂ ಪಡುವಣದಲ್ಲಿ ಕೆಂಪು ಇತ್ತು. ಉಳಿದ ಹುಡುಗರಿಗೆ ಚೆಂಡು ಚೆನ್ನಾಗಿಯೇ ಕಾಣುತ್ತಿತ್ತು. ದ್ಯಾವಪ್ಪನ ಕಾಲ ಪಕ್ಕದಲ್ಲೇ ಚೆಂಡು ಉರುಳಿಹೋಯಿತು, ಅವನು ಅಲುಗಲಿಲ್ಲ. "ಏನಲೇ, ನಿದ್ದಿ ಬಂತೇನು?" ಎಂದು ಒದರಿದೆ. ಅವನು ನನ್ನ ದನಿ ಬಂದ ಕಡೆ ತಿರುಗಿದ, ಆದರೆ ನನ್ನ ಮುಖವನ್ನು ನೋಡಲಿಲ್ಲ, ನನ್ನ ಹೆಗಲಾಚೆ ಎಲ್ಲೋ ನೋಡಿದ. ಆಮೇಲೆ ಕೋಣೆಗೆ ಹೋಗುವಾಗ ಗೋಡೆ ಸವರಿಕೊಂಡು ಹೋದ. ಬಾಗಿಲ ಮುಂದಿನ ನೀರಿನ ಕೊಡ ಎಡವಿ ಒಡೆದ. 

ಹಿಂದೆಯೇ ಹೋಗಿ ಅವನ ಮುಖದ ಮುಂದೆ ಕೈ ಆಡಿಸಿದೆ. "ಎಷ್ಟು ಬೆರಳದಾವ?"

ಅವನು ನನ್ನ ಕೈ ಹುಡುಕುತ್ತ ಗಾಳಿಯಲ್ಲಿ ಕೈ ಚಾಚಿದ.

"ಎಷ್ಟು ದಿನ ಆತೋ?"

"ದೀವಳಿಗಿ ಮುಂದ ಸುರು ಆತ್ರಿ. ಹಗಲಿ ಎಲ್ಲಾ ಛಲೋ ಕಾಣ್ತೈತ್ರಿ. ಹೊತ್ತು ಮುಣಗಿತಂದ್ರ ಕಂಬಳಿ ಹೊಚ್ಚಿದಂಗ ಆಗ್ತೈತಿ. ಮಾಸ್ತರ್ರ, ಯಾರಿಗೂ ಹೇಳಬ್ಯಾಡ್ರಿ, ನಿಮ್ಮ ಕಾಲ ಬೀಳ್ತೀನಿ."

ಮರುದಿನ ಹಕೀಮ ನೂರಸಾಬನ ಹತ್ತಿರ ಎಳೆದುಕೊಂಡು ಹೋದೆ. ಮುದುಕ ದ್ಯಾವಪ್ಪನ ರೆಪ್ಪೆ ಎತ್ತಿ ನೋಡಿ ನಕ್ಕುಬಿಟ್ಟ. "ಇದು ಇರುಳುಗುರುಡು. ಇದಕ್ಯಾಕ ಇಷ್ಟು ಹೆದರಿಕಿ? ಆಡಿನ ಕಲೀಜ ಕೆಂಡದ ಮ್ಯಾಲ ಸುಟ್ಟು ತಿನಸ್ರಿ. ಹದಿನೈದು ದಿನ. ಕಣ್ಣು ಬೆಕ್ಕಿನ ಕಣ್ಣ ಆಗ್ತಾವ." ನನಗೆ ಹೋದ ಜೀವ ಬಂತು. ಕಟುಕರ ಓಣಿಗೆ ಹೋಗಿ ಅಂದೇ ಆಡಿನ ಈಲಿ ತಂದೆ. ಕೆಂಡದ ಮೇಲೆ ಸುಟ್ಟು, ಉಪ್ಪು ಉದುರಿಸಿ, ಆ ಕರಿಕೆಂಪು ತುಂಡನ್ನು ಎಲೆಯ ಮೇಲಿಟ್ಟೆ. ದ್ಯಾವಪ್ಪ ಮುಟ್ಟಲಿಲ್ಲ.

"ಅವ್ವ ಹರಕಿ ಹೊತ್ತಾಳ್ರಿ."

ಹರಕೆ ಏನೆಂದರೆ, ಮಗನಿಗೆ ನೌಕರಿ ಸಿಗುವ ತನಕ ಆ ಮನೆಯವರು ಮಾಂಸ ಮುಟ್ಟುವ ಹಾಗಿಲ್ಲ. ಸಿಕ್ಕ ಮೇಲೆ ಹುಣ್ಣಿಮೆಯ ದಿನ ಹುಲಿಗೆಮ್ಮನ ಹೆಸರಲ್ಲಿ ಆಡು ಕೊಡಬೇಕು, ಆ ಎಡೆ ಆದ ಮೇಲೆಯೇ ಮತ್ತೆ ಮಾಂಸ ತಿನ್ನಬೇಕು. ಎರಡು ವರ್ಷದಿಂದ ಮಾಂಸದ ವಾಸನೆ ಕಂಡಿರಲಿಲ್ಲ ಅವರು. ನನಗೆ ಸಿಟ್ಟು ನೆತ್ತಿಗೇರಿತು. ಬೈದೆ, ಹೊಡೆಯಲು ಕೈ ಎತ್ತಿದೆ. ಅವನು ತಲೆ ಬಗ್ಗಿಸಿಕೊಂಡು ನಿಂತ, ಬಾಯಿ ಮಾತ್ರ ತೆರೆಯಲಿಲ್ಲ. ನಾನೇ ಹಿಟ್ನಾಳಕ್ಕೆ ಹೋದೆ.

ಪಕ್ಕೀರವ್ವನ ಗುಡಿಸಲ ಮುಂದೆ ಗೂಟಕ್ಕೆ ಒಂದು ಆಡು ಕಟ್ಟಿತ್ತು. ಕೊಬ್ಬಿ ಹೊಳೆಯುತ್ತಿತ್ತು. ಮಗ ಬರೀ ರೊಟ್ಟಿ ತಿನ್ನುತ್ತಿದ್ದ, ಆಡಿಗೆ ಅಗಸೆ ಸೊಪ್ಪು, ಕರಿಕೆ ಹುಲ್ಲು ಹುಡುಕಿ ತಂದು ಹಾಕಿದ್ದಳು. ಅವಳ ಮಗನ ಕಣ್ಣಿನ ಔಷಧ ಅವಳ ಅಂಗಳದಲ್ಲೇ ಮೆಲುಕು ಹಾಕುತ್ತ ನಿಂತಿತ್ತು. ನಾನು ಎಲ್ಲ ಬಿಡಿಸಿ ಹೇಳಿದೆ. ಅವಳು ಸೆರಗು ಬಾಯಿಗೆ ಹಚ್ಚಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಗಟ್ಟಿಯಾಗಿ ಕೂತಳು.

"ಯಪ್ಪಾ, ನೀವು ಹೇಳೋದು ಖರೆ ಐತಿ. ಆದ್ರ ಎರಡು ವರ್ಷ ಹಿಡದ ಹರಕಿ, ತಾಯಿ ಕೊಡೋ ಹೊತ್ತಿಗಿ ಮುರೀಲೇನು? ಆಕಿ ಕೊಡ್ತೀನಂತ ಕೈ ಚಾಚ್ಯಾಳ, ನಾ ಆಕಿ ಕೈ ತಳ್ಳಲೇನು? ಜಮಾದಾರ ಸಾಹೇಬ್ರು ಬಂದು ಹೂಂ ಅನ್ಲಿ. ಇದ ಆಡಿನ ಕಲೀಜ ನನ್ನ ಕೈಯಾರೆ ಉಣಸ್ತೀನಿ. ಹದಿನೈದು ದಿನದ ಮಾತಲ್ಲೇನ್ರಿ?"

ಹೌದಲ್ಲ, ಹದಿನೈದು ದಿನದ ಮಾತು. ನನಗೂ ಹಾಗೇ ಅನಿಸಿತು. ಥೂ, ನನ್ನ ಬುದ್ಧಿಗಿಷ್ಟು! ಮೊದಲು ಆಯ್ಕೆ, ಆಮೇಲೆ ಹರಕೆ, ಆಮೇಲೆ ಕಣ್ಣು. ನಡುವೆ ಏನೂ ಬರುವುದಿಲ್ಲ ಎಂದುಕೊಂಡು ಎದ್ದು ಬಂದೆ. ಬರುವಾಗ ಆ ಆಡು ತಲೆ ಎತ್ತಿ ನನ್ನನ್ನೇ ನೋಡಿತು. ನಾನು ಮುಖ ತಿರುಗಿಸಿಕೊಂಡೆ.

ಗಂಗಾವತಿಯ ಟೀಮನ್ನು ಕರೆಸಿ ಮಧ್ಯಾಹ್ನ ಮೂರಕ್ಕೆ ಆಟ ಇಟ್ಟೆ. ಐದರೊಳಗೆ ಮುಗಿದುಹೋಗುತ್ತದೆ, ಬಿಸಿಲಿರುತ್ತದೆ ಎಂಬುದು ನನ್ನ ಲೆಕ್ಕ. ಉಮರಸಾಬನ ಗಾಡಿ ಹನ್ನೆರಡಕ್ಕೆ ಬರಬೇಕಿತ್ತು. ಒಂದಾಯಿತು, ಎರಡಾಯಿತು, ಮೂರಾಯಿತು. ಮಿಲಿಟರಿ ಗಾಡಿಗಳಿಗೆ ದಾರಿ ಬಿಟ್ಟು ಗಿಣಗೇರಿಯಲ್ಲಿ ನಿಂತಿದೆಯಂತೆ ಎಂದು ಸ್ಟೇಷನ್ನಿನವರು ಹೇಳಿದರು. ನಾನು ಪ್ಲಾಟ್‌ಫಾರಮ್ಮಿನ ಮೇಲೆ ನಿಂತು ಸೂರ್ಯನನ್ನು ನೋಡುತ್ತಿದ್ದೆ. ಅಷ್ಟು ಬೇಗ ಇಳಿಯುವ ಸೂರ್ಯನನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಉಮರಸಾಬ ಇಳಿದು ನನ್ನನ್ನು ಅಪ್ಪಿಕೊಂಡಾಗ ನಾಲ್ಕೂವರೆ.

"ನಾಳಿ ಇಟ್ಟುಕೊಳ್ಳೋಣು, ದಣದಿರ್ತೀ," ಎಂದೆ.

"ನಾಳಿ ಬೆಳಗಿನ ಗಾಡಿಗೆ ನಾ ವಾಪಸ್ ಹೋಗಬೇಕು ಭಾಯಿ. ಈಗ ಆಡಿಸು."

ಉಮರಸಾಬನ ಪರೀಕ್ಷೆ ಎಂದರೆ ಹುಡುಗಾಟವಲ್ಲ. ಒಂದು ಕೆಂಪು ರಟ್ಟಿನ ಪುಸ್ತಕ. ಅದರಲ್ಲಿ ಪ್ರತಿ ಆಟಗಾರನಿಗೆ ಐದು ಖಾನೆ: ದಮ್ಮು, ಕಾಲು, ತಲೆ, ಧೈರ್ಯ, ಐಬು. ಮೊದಲ ನಾಲ್ಕನ್ನು ನೋಡಲು ಬಂದವನು ತುಂಬುತ್ತಾನೆ. ಐದನೆಯದನ್ನು, ಅಂದರೆ ಒಳಗೆ ಏನಾದರೂ ದೋಷವಿದೆಯೇ ಎಂಬುದನ್ನು, ಕಲಿಸಿದವನ ಬಾಯಿಂದ ಕೇಳಿ ಬರೆಯುತ್ತಾರೆ. ಒಂದು ದಿನಕ್ಕೆ ಬಂದವನಿಗೆ ಒಳಗಿನದು ಹೇಗೆ ಗೊತ್ತಾಗಬೇಕು? ನಮ್ಮ ಪಲ್ಟನ್ನಿನಲ್ಲಿ ಇದು ಹಳೆಯ ಪದ್ಧತಿ. ಆ ಖಾನೆಯಲ್ಲಿ ಸುಳ್ಳು ಹೇಳಿದ ಉಸ್ತಾದನ ಸುದ್ದಿ ನಾನು ಕೇಳಿಲ್ಲ.

ಮೊದಲು ದ್ಯಾವಪ್ಪನನ್ನು ನಿಲ್ಲಿಸಿ ಹಿಮ್ಮಡಿ, ಹರಡು, ಮೊಣಕಾಲು ಹಿಚುಕಿ ನೋಡಿದ. ದೂರದ ಅಂಗಡಿಯ ಬೋರ್ಡು ಓದಿಸಿದ. ದ್ಯಾವಪ್ಪ ಗಡಗಡ ಓದಿದ. ಅನಂತರ ಚೀಲದಿಂದ ಒಂದು ಜೊತೆ ಬೂಟು ತೆಗೆದು, "ಹಾಕ್ಕೋ," ಎಂದ. ಹುಟ್ಟಿದಾಗಿನಿಂದ ಬರಿಗಾಲಲ್ಲಿ ಆಡಿದವನು. ಬೂಟು ಒಂದು ಬೆರಳು ಸಣ್ಣದು ಬೇರೆ. ಉಮರಸಾಬ ಬೇಕೆಂದೇ ಸಣ್ಣದು ತರುತ್ತಿದ್ದ, ಅದು ನನಗೆ ಗೊತ್ತು.

ನಾನೇ ರೆಫರಿ. ಐದಕ್ಕೆ ಸೀಟಿ ಊದಿದೆ. ಮೊದಲರ್ಧದಲ್ಲಿ ದ್ಯಾವಪ್ಪ ಗಂಗಾವತಿಯ ಹುಡುಗರನ್ನು ಒಬ್ಬರನ್ನೂ ದಾಟಗೊಡಲಿಲ್ಲ. ಎರಡು ಸಲ ಎದೆಯ ಮೇಲೆ ಚೆಂಡು ಇಳಿಸಿಕೊಂಡು ಮೈದಾನದ ಆ ತುದಿಯವರೆಗೂ ಒಯ್ದ. ಬಿಡುವಿನಲ್ಲಿ ಬೂಟಿನ ಬಾಯಿಂದ ರಕ್ತ ಬರುತ್ತಿತ್ತು. ಬಿಚ್ಚುತ್ತೇನೆ ಅನ್ನಲಿಲ್ಲ. ಉಮರಸಾಬ ಧೈರ್ಯದ ಖಾನೆಯಲ್ಲಿ ಏನೋ ಗೀಚಿದ.

"ಹಳ್ಳ್ಯಾಗ ಎರಡೂ ಕೆಲಸ ಮಾಡೋರು ಸಿಗ್ತಾರ ಆದೆಪ್ಪ," ಎಂದ. "ಅಂಥವ್ರು ನಮ್ಮಲ್ಲಿ ಬಂದ ಮ್ಯಾಲ ತಡಿಯೋದೂ ಅರ್ಧ, ಒಯ್ಯೋದೂ ಅರ್ಧ ಆಗ್ತಾರ. ಆದ್ರ ಇಂವ ಹಂಗಲ್ಲ. ಇಂವ ಎರಡರಾಗೂ ಪೂರಾ ಅದಾನ. ಎಲ್ಲಿಂದ ಹುಡಿಕಿದಿ ಲೇ ಇವನ್ನ?"

ನನ್ನ ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ. ಅದೇ ಹೊತ್ತಿಗೆ ಬೆಟ್ಟದ ನೆರಳು ಮೈದಾನದ ಅರ್ಧಕ್ಕೆ ಬಂದಿತ್ತು.

ಎರಡನೆಯ ಅರ್ಧದಲ್ಲಿ ನಾನು ಚೆಂಡು ನೋಡಲಿಲ್ಲ, ಅವನ ಕಣ್ಣು ನೋಡುತ್ತಿದ್ದೆ. ಹೊತ್ತು ಮುಳುಗಿತು. ಅವನ ತಲೆ ಒಂದು ಪಕ್ಕಕ್ಕೆ ವಾಲತೊಡಗಿತು. ಚೆಂಡನ್ನು ಕಿವಿಯಿಂದ ಹುಡುಕುತ್ತಿದ್ದ! ಒಂದು ಚೆಂಡು ಸದ್ದಿಲ್ಲದೆ ಮೇಲಿಂದ ಬಂತು, ಅವನ ಹೆಗಲಿಗೆ ಬಡಿದು ಹೊರಗೆ ಹೋಯಿತು. ಉಮರಸಾಬ ಕುರ್ಚಿಯಿಂದ ಎದ್ದ. ಗಂಗಾವತಿಯವರು ಇನ್ನೊಂದು ಸಲ ಮುನ್ನುಗ್ಗುತ್ತಿದ್ದರು. ನಾನು ಸೀಟಿ ಊದಿಬಿಟ್ಟೆ. ಇನ್ನೂ ಏಳು ನಿಮಿಷವಿತ್ತು.

ಉಮರಸಾಬ ಜೇಬಿನ ಗಡಿಯಾರ ತೆಗೆದು ನೋಡಿದ. ನನ್ನನ್ನು ನೋಡಿದ. "ನಿನ್ನ ಗಡಿಯಾರ ಮುಂದ ಓಡ್ತೈತೇನೋ?"

"ಹೂಂ, ರಿಪೇರಿ ಮಾಡಿಸ್ಬೇಕು."

"ಇಂವಗ ದಮ್ಮು ಸಾಲದು ಅಂತ ಮುಚ್ಚಿಡಾಕತ್ತೀಯೇನು? ಕಡೀಕ ಸುಸ್ತಾಗಿದ್ದ. ಆರು ಸುತ್ತು ಓಡಸು, ನೋಡ್ತೀನಿ."

ಆಗ ಹೇಳಿಬಿಡಬೇಕಿತ್ತು. ಹೀಗೆ ಹೀಗೆ, ದಮ್ಮಲ್ಲ, ಕಣ್ಣು, ಹದಿನೈದು ದಿನದಲ್ಲಿ ಹೋಗುವ ಐಬು ಎಂದು ಹೇಳಿದ್ದರೆ ಏನಾಗುತ್ತಿತ್ತು? ಬಹಳವಾದರೆ ಅವನನ್ನು ಬಿಟ್ಟು ಹೋಗುತ್ತಿದ್ದ. ಮೈದಾನದ ಅಂಚಿನಲ್ಲಿ ಪಕ್ಕೀರವ್ವ ಕೈಮುಗಿದುಕೊಂಡು ಕುಳಿತಿದ್ದಳು. ಅವಳನ್ನು ನೋಡಿದೆ. "ನಾನೂ ಅವನ ಜೊತೆ ಓಡ್ತೀನಿ, ಹಳೇ ಚಟ," ಎಂದು ದ್ಯಾವಪ್ಪನ ಪಕ್ಕಕ್ಕೆ ಹೋಗಿ ನಿಂತೆ. ಒಡೆದ ಮೊಣಕಾಲಿನಲ್ಲಿ ಆರು ಸುತ್ತು ಓಡಿದೆ. ನನ್ನ ಭುಜ ಅವನ ಭುಜಕ್ಕೆ ತಾಗಿಸಿಕೊಂಡು, "ಎಡಕ್ಕ, ಈಗ ಎಡಕ್ಕ, ನೆಟ್ಟಗ," ಎಂದು ಹಲ್ಲು ಕಚ್ಚಿಕೊಂಡು ಪಿಸುಗುಟ್ಟುತ್ತ ಓಡಿದೆ. ಅವನು ಕಣ್ಣು ಮುಚ್ಚಿಕೊಂಡೇ ಓಡುತ್ತಿದ್ದ. ಹೇಗೂ ಕಾಣುವುದಿಲ್ಲವಲ್ಲ.

ಉಮರಸಾಬ ಬೆನ್ನು ತಟ್ಟಿದ. ದಮ್ಮಿನ ಖಾನೆ ತುಂಬಿತು. ಕಂದೀಲಿನ ಬೆಳಕಿಗೆ ಪುಸ್ತಕ ಹಿಡಿದು ಪೆನ್ಸಿಲ್ಲು ನಾಲಿಗೆಗೆ ತಾಗಿಸಿಕೊಂಡ.

"ಕಡೀ ಖಾನೆ. ಇದರಾಗ ನಿನ್ನ ಮಾತ ನನ್ನ ಮಾತು. ಐಬು?"

"ಇಲ್ಲ," ಎಂದೆ.

ಬರೆದ. ಬರೆದು ಪುಸ್ತಕ ಮುಚ್ಚಿ, "ನಾಳಿ ಬೆಳಿಗ್ಗೆ ನನ್ನ ಜೋಡಿನ ಬರ್ಲಿ. ಈಗ ಲಡಾಯಿ ಕಾಲ, ಒಂದು ದಿನಾನೂ ಬಿಡಂಗಿಲ್ಲ," ಎಂದ.

ಪಕ್ಕೀರವ್ವ ಮಗನ ಮುಖ ಸವರಿ ನೆಟಿಕೆ ಮುರಿದಳು. ನಾನು ಅವಳನ್ನು ಪಕ್ಕಕ್ಕೆ ಕರೆದು, ನೌಕರಿ ಸಿಕ್ಕಿತಲ್ಲ, ಈಗಲೇ ಕಲೀಜ ತಿನಿಸಿ ಕಳಿಸೋಣ ಎಂದೆ. ಅವಳು ಕಿವಿ ಮುಚ್ಚಿಕೊಂಡಳು. "ಹುಣ್ಣಿವಿ ಮೊನ್ನೀನ ಆಗೇತ್ರಿ. ಮುಂದಿನ ಹೋಳಿ ಹುಣ್ಣಿವಿಗೆ ತಾಯಿಗೆ ಕೊಡ್ತೀನಿ. ಅಲ್ಲೀತನಕ ಆಕೀನ ಕಾಯ್ತಾಳ." ದ್ಯಾವಪ್ಪನೂ ಅದನ್ನೇ ಹೇಳಿದ, ಹರಕೆ ತೀರಿದ ಮೇಲೆ ಅಲ್ಲಿಯೇ ಕೊಂಡು ತಿನ್ನುತ್ತೇನೆಂದು. ಬೆಳಿಗ್ಗೆ ಗಾಡಿ ಹೊರಡುವಾಗ ನಾನು ಕಿಟಕಿಗೆ ಮುಖ ಕೊಟ್ಟು, "ಕಣ್ಣಿಂದು ಅಲ್ಲಿ ಯಾರ ಮುಂದೂ ಬಾಯಿ ಬಿಡಬ್ಯಾಡ. ಸಂಜಿ ಮ್ಯಾಲ ಹೊರಗ ಅಡ್ಡಾಡಬ್ಯಾಡ," ಎಂದೆ. "ಹೂಂರಿ," ಎಂದ. ಯಾವ ಮಾತನ್ನೂ ಮೀರಿದವನಲ್ಲ ಅವನು.

ಇಪ್ಪತ್ತೇಳು ದಿನ ನಾನು ನೆಟ್ಟಗೆ ಉಣ್ಣಲಿಲ್ಲ. ಸಂಜೆಯಾದರೆ ಸಾಕು, ಮೈದಾನದಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹುಡುಗರನ್ನು ಬೈದು ಮನೆಗೆ ಅಟ್ಟುತ್ತಿದ್ದೆ.

ಹೋಳಿ ಹುಣ್ಣಿಮೆಯ ದಿನ ಮಧ್ಯಾಹ್ನ ಟಪಾಲಿನವನು ದ್ಯಾವಪ್ಪನ ಕಾಗದ ತಂದುಕೊಟ್ಟ. ಒಡೆಯುವಷ್ಟರಲ್ಲಿ ಪಕ್ಕೀರವ್ವ ಬಾಗಿಲಿಗೆ ಬಂದಳು. ಹೊಸ ಸೀರೆ, ಹಣೆ ತುಂಬ ಭಂಡಾರ, ಕೈಯಲ್ಲಿ ಒಂದು ಬುತ್ತಿ. ಮೂರು ಹರದಾರಿ ನಡೆದು ಬಂದಿದ್ದಳು.

"ನನ್ನ ಮಗಂದೇನ್ರಿ? ಓದ್ರಿ, ಓದ್ರಿ!"

ಮೊದಲು ಕಣ್ಣಲ್ಲೇ ಓದಿಕೊಂಡೆ. 'ಮಾಸ್ತರರಿಗೆ ದ್ಯಾವಪ್ಪನ ಶರಣು. ಹಗಲಿ ಆಟ ಛಲೋ ನಡದೈತಿ. ಎರಡು ಮ್ಯಾಚ್ ಗೆದ್ದೀವಿ. ಜಮಾದಾರ ಸಾಹೇಬರು ಬ್ಯಾರೆ ಕಡೆ ಹುಡುಗರನ್ನ ಆರಸಾಕ ಹೋಗ್ಯಾರ. ಮಂದಿ ಕಡಿಮಿ ಅಂತ ಆಟದವರಿಗೂ ರಾತ್ರಿ ಪಹರೆ ಹಾಕ್ಯಾರ. ನನಗ ಹಳೇ ಕೋಟೆ ಗೋಡಿ ಮ್ಯಾಲ. ಒಂದು ಕಡೆ ತಡಗೋಡಿ ಇಲ್ಲ. ಹೆಜ್ಜಿ ಎಣಿಸಿಕೊಂಡು ಅಡ್ಡಾಡ್ತೀನಿ, ನಲವತ್ತು ಹೋಗೋದು, ನಲವತ್ತು ಬರೋದು. ಯಾರಿಗೂ ಹೇಳಿಲ್ಲ. ನೀವು ಹೇಳಬ್ಯಾಡ ಅಂದಿದ್ರಿ. ಅವ್ವಗ ಹೇಳಬ್ಯಾಡ್ರಿ.'

ಕಾಗದದ ಮೇಲಿನ ತಾರೀಖು ಎಂಟು ದಿನ ಹಿಂದಿನದು.

"ಏನ್ ಬರದಾನ್ರಿ?"

"ಆಟ ಛಲೋ ನಡದೈತಂತ. ಎರಡು ಮ್ಯಾಚ್ ಗೆದ್ದಾರಂತ."

"ಕಣ್ಣು?"

"ಛಲೋ ಅದಾವಂತ," ಎಂದೆ. ಎರಡನೆಯ ಸಲ ಅದೇ ಬಾಯಿಂದ.

ಅವಳ ಮುಖ ಅರಳಿತು. ಬುತ್ತಿ ಬಿಚ್ಚಿದಳು. ಮುತ್ತುಗದ ಎಲೆಯಲ್ಲಿ ಸುಟ್ಟ ಕಲೀಜ, ಉಪ್ಪು ಉದುರಿಸಿ, ನಾನು ಅವನಿಗೆ ಇಟ್ಟ ಹಾಗೆಯೇ. "ಬೆಳಿಗ್ಗೆನ ಹರಕಿ ತೀರಿಸಿದ್ನಿರಿ. ಇದು ಅವನ ಪಾಲು. ಅಂವ ಇಲ್ಲ, ಅವನ ಬದಲಿ ನೀವ ಉಣಬೇಕ್ರಿ. ತಂದಿ ಇದ್ದಂಗ ನಿಂತು ದಾರಿಗೆ ಹಚ್ಚೀರಿ." ಬೇಡವೆನ್ನಲು ಕಾರಣ ಹೇಳಬೇಕಿತ್ತು. ನಾನು ಕುಳಿತು ತಿಂದೆ. ಅವಳು ಎದುರಿಗೆ ಕುಳಿತು, ಕಡೆಯ ತುಂಡಿನವರೆಗೂ ನೋಡಿದಳು. ಆಮೇಲೆ ನನ್ನ ಕಾಲು ಮುಟ್ಟಿ, ಹೊತ್ತು ಇಳಿಯುವುದರೊಳಗೆ ಊರು ಸೇರಬೇಕೆಂದು ಹೊರಟಳು.

ಅವಳು ಓಣಿ ತಿರುಗಿದ್ದೇ ತಡ, ನಾನು ಕುಂಟುತ್ತ ಸ್ಟೇಷನ್ನಿಗೆ ಓಡಿದೆ. ತಂತಿ ಕಳಿಸಬೇಕು, 'ದ್ಯಾವಪ್ಪನಿಗೆ ರಾತ್ರಿ ಕಣ್ಣು ಕಾಣುವುದಿಲ್ಲ, ಪಹರೆಯಿಂದ ಇಳಿಸಿ' ಎಂದು. ನೌಕರಿ ಹಾಳಾಗಿ ಹೋಗಲಿ, ನನ್ನ ಮಾನ ಹಾಳಾಗಿ ಹೋಗಲಿ. ತಂತಿ ಮಾಸ್ತರ ಬಾಲಪ್ಪ ನನ್ನನ್ನು ಕಂಡು ತಾನೇ ಎದ್ದು ಬಂದ. ಅವನ ಕೈಯಲ್ಲಿ ಕಾಗದವಿತ್ತು.

"ಛಲೋ ಆತು ಬಂದ್ರಿ. ಹಿಟ್ನಾಳದ ಪಕ್ಕೀರವ್ವ ಅಂದ್ರ ನಿಮ್ಮ ಹುಡುಗನ ತಾಯಿ ಅಲ್ಲೇನ್ರಿ? ಈಗ ಬಂತು ಇದು."

ನಾನು ನಿಂತಲ್ಲೇ ಓದಿದೆ. ಒಂದೇ ಸಾಲು. ನಿನ್ನೆ ರಾತ್ರಿ ಪಹರೆಯಲ್ಲಿದ್ದಾಗ ಸಿಪಾಯಿ ದ್ಯಾವಪ್ಪ ಕೋಟೆ ಗೋಡೆಯಿಂದ ಬಿದ್ದು ತೀರಿಕೊಂಡ.

ಹಿಟ್ನಾಳದ ದಾರಿ ಹಿಡಿದೆ. ಬಿಸಿಲು ಇನ್ನೂ ಚುರುಗುಟ್ಟುತ್ತಿತ್ತು. ನನ್ನ ಬಾಯಲ್ಲಿ ಆ ಕಲೀಜದ ರುಚಿ ಹಾಗೇ ಇತ್ತು, ಉಗುಳಿದರೂ ಹೋಗಲಿಲ್ಲ. ಊರು ದಾಟಿ ಅರ್ಧ ಹರದಾರಿ ನಡೆದ ಮೇಲೆ ಮುಂದೆ ಹೊಸ ಸೀರೆ ಕಾಣಿಸಿತು. ಖಾಲಿ ಬುತ್ತಿಯ ಅರಿವೆಯನ್ನು ಬೀಸಿಕೊಂಡು, ಎಳೆಯ ಹುಡುಗಿಯ ಹಾಗೆ ಸರಸರ ನಡೆಯುತ್ತಿದ್ದಳು. "ಪಕ್ಕೀರವ್ವಾ!" ಎಂದು ಕೂಗಿದೆ. ಅವಳು ನಿಂತು ತಿರುಗಿದಳು. ನನ್ನ ಕೈಯಲ್ಲಿದ್ದ ಕಾಗದ ಕಂಡು ನಕ್ಕಳು.

"ಏನ್ರಿ ಮಾಸ್ತರ್ರ, ಮತ್ತೊಂದು ಬರದಾನೇನ್ರಿ?"